ತೂಗದೆ ಬಿಟ್ಟ ಒಂದು ಚೀಲ

ನಮ್ಮಕ್ಕ ಯಾರನ್ನೂ ನಂಬುವವಳಲ್ಲ. ಇದು ಚಾಡಿಯಲ್ಲ, ಅವಳ ಎದುರಿಗೇ ಹೇಳಿದರೂ ಹೆಮ್ಮೆಯಿಂದ ತಲೆಯಾಡಿಸುತ್ತಾಳೆ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಸಕ್ಕರೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ಮತ್ತೆ ಮುಚ್ಚಿಡುತ್ತಿದ್ದಳು. ಮರುದಿನ ಗೆರೆ ಅಳಿಸಿದ್ದರೆ ಮನೆಮಂದಿಗೆಲ್ಲ ವಿಚಾರಣೆ. ಅಪ್ಪನನ್ನೂ ಬಿಡುತ್ತಿರಲಿಲ್ಲ, ಬಂದುಹೋದ ಚಿಕ್ಕಮ್ಮನನ್ನೂ ಬಿಡುತ್ತಿರಲಿಲ್ಲ. ನನ್ನೊಬ್ಬನನ್ನು ಮಾತ್ರ ಕೇಳುತ್ತಿರಲಿಲ್ಲ. "ಅವನು ಅಂಥವನಲ್ಲ" ಎಂದು ಮುಂದಿನವರ ಕಡೆಗೆ ಹೋಗುತ್ತಿದ್ದಳು. ಸಕ್ಕರೆ ತಿನ್ನುತ್ತಿದ್ದವನು ನಾನೇ.

ದೊಡ್ಡವಳಾದ ಮೇಲೆ ಸಿಕ್ಕ ಕೆಲಸವೂ ಅವಳ ಗುಣಕ್ಕೆ ಹೇಳಿ ಮಾಡಿಸಿದಂಥದ್ದು. ಬಸ್ ನಿಲ್ದಾಣದ ಲಗೇಜು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಪಾರ್ಸೆಲ್ ತೂಗಿದಳು. "ಹಳೇ ಬಟ್ಟೆ" ಎಂದು ಬರೆಸಿದ ಗಂಟಿನೊಳಗಿಂದ ಕೋಳಿ ಕೂಗಿದ್ದನ್ನು ಕಿವಿಯಾರೆ ಕೇಳಿದ್ದಾಳೆ. "ಪುಸ್ತಕ" ಎಂದ ಪೆಟ್ಟಿಗೆಯಿಂದ ಎಣ್ಣೆ ಸೋರಿದ್ದನ್ನು ಕಣ್ಣಾರೆ ಕಂಡಿದ್ದಾಳೆ. ಜನರ ಬಾಯಿ ಏನಾದರೂ ಹೇಳಲಿ, ತಕ್ಕಡಿಯ ಮುಳ್ಳು ಏನು ಹೇಳುತ್ತದೆ ಅದನ್ನು ಕೇಳು ಎನ್ನುವುದು ಅವಳು ಅಲ್ಲಿ ಕಲಿತ ಪಾಠ. ಅವಳನ್ನು ನೋಡಲು ಒಬ್ಬ ಗಂಡು ಬಂದಿದ್ದ. ಅಪ್ಪನನ್ನು ನೋಡಿ ನಕ್ಕ, ಅಮ್ಮನನ್ನು ನೋಡಿ ನಕ್ಕ, ನನ್ನನ್ನು ನೋಡಿಯೂ ನಕ್ಕ. "ಅಷ್ಟೊಂದು ನಗೋನಿಗೆ ಏನೋ ಮುಚ್ಚಿಡೋದಿದೆ" ಎಂದು ಅಕ್ಕ ಕಡ್ಡಿ ಮುರಿದಂತೆ ಬೇಡ ಎಂದಳು. ಮುಂದೆ ಯಾರೂ ಬರಲಿಲ್ಲ. ಅವಳಿಗೆ ಅದರ ಕೊರಗೂ ಇರಲಿಲ್ಲ. ಈಗ ನನ್ನ ಬೂಟು ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುತ್ತಾಳೆ. ಅಕ್ಕ ಅಡುಗೆಮನೆಗೆ ಕಾಲಿಟ್ಟರೆ ಹಾಲು ಹೆದರಿ ಉಕ್ಕುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಮೆಲ್ಲಗೆ.

ಲಗೇಜು ಕಚೇರಿ ಮುಚ್ಚಿದ ಮೇಲೆ ಅಕ್ಕನಿಗೆ ಬೆಟ್ಟದ ಹುಲ್ಲುಗಾವಲಿನ ಕಾವಲು ಕೆಲಸ ಸಿಕ್ಕಿತು. ಊರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಬೇಸಿಗೆಯ ಎರಡು ತಿಂಗಳು ಅಲ್ಲಿ ಹೂವಿನ ಕಾಲ. ಬೆಳಿಗ್ಗೆ ಎಂಟಕ್ಕೆ ಹತ್ತು ಜನರೊಳಗಿನ ಒಂದು ತಂಡವನ್ನು ಗೇಟಿನಿಂದ ಮೇಲಕ್ಕೆ ಕರೆದುಕೊಂಡು ಹೋಗಿ, ಹುಲ್ಲುಗಾವಲು ತೋರಿಸಿ, ನಾಲ್ಕರೊಳಗೆ ಕೆಳಗೆ ತರಬೇಕು. ಯಾರೂ ಹೂ ಕೀಳದಂತೆ, ಗಿಡ ಅಗೆಯದಂತೆ ನೋಡಿಕೊಳ್ಳಬೇಕು. ಅಕ್ಕ ಲಗೇಜು ಕಚೇರಿಯ ಹಳೆಯ ಕೊಕ್ಕೆ ತಕ್ಕಡಿಯನ್ನು ಕೇಳಿ ತಂದು ಗೇಟಿನ ಕಂಬಕ್ಕೆ ನೇತುಹಾಕಿದಳು. ಹತ್ತುವಾಗ ಎಲ್ಲರ ಚೀಲ ತೂಗುತ್ತಾಳೆ, ಇಳಿದ ಮೇಲೆ ಮತ್ತೆ ತೂಗುತ್ತಾಳೆ. ಮೇಲೆ ಊಟ ಮಾಡಿರುತ್ತಾರೆ, ನೀರು ಕುಡಿದಿರುತ್ತಾರೆ, ಚೀಲ ಹಗುರಾಗಿರಬೇಕು. ಭಾರವಾಗಿದ್ದರೆ ಬಿಚ್ಚಿಸುತ್ತಾಳೆ. ಗಾವಲು ನೋಡಿಕೊಳ್ಳುವ ಅರಣ್ಯ ಕಚೇರಿಯವರು ಹೀಗೆ ಮಾಡು ಎಂದು ಹೇಳಿರಲಿಲ್ಲ, ಬೇಡ ಎಂದು ಹೇಳುವ ಧೈರ್ಯವೂ ಅವರಿಗಿರಲಿಲ್ಲ.

ಇಷ್ಟು ಕಾವಲಿದ್ದೂ ಗಾವಲಿನಲ್ಲಿ ನೀಲಿ ಗಂಟೆಹೂವಿನ ಗಿಡಗಳು ಕಾಣೆಯಾಗುತ್ತಿದ್ದವು. ಒಂದೊಂದು ಗಿಡದಲ್ಲಿ ಐದಾರು ಪುಟ್ಟ ಗಂಟೆಗಳು ತೂಗಾಡುವ ಹೂ ಅದು. ಆ ಬೆಟ್ಟಕ್ಕೆ ಜನ ಬರುವುದೇ ಅದಕ್ಕಾಗಿ. ಮೂರು ಬೇಸಿಗೆಯಲ್ಲಿ ಅರ್ಧಕ್ಕರ್ಧ ಇಲ್ಲವಾಗಿತ್ತು. ಗಿಡ ಹೋದ ಜಾಗದಲ್ಲೆಲ್ಲ ಅಂಗಿಗುಂಡಿಯಂಥ ಒಂದು ಹಳದಿ ಹೂ ಚಾಪೆ ಹಾಸಿದಂತೆ ಹಬ್ಬಿಕೊಂಡಿತ್ತು. ಕಚೇರಿಯ ಸಾಹೇಬರು ಅಕ್ಕನನ್ನು ಕರೆಸಿ, "ಈ ಬೇಸಿಗೆ ಮುಗಿಯೋದ್ರೊಳಗೆ ಕಾರಣ ಗೊತ್ತಾಗದಿದ್ರೆ ಗಾವಲು ಐದು ವರ್ಷ ಮುಚ್ಚಿಬಿಡ್ತೀವಿ" ಎಂದಿದ್ದರು. ಗಾವಲು ಮುಚ್ಚಿದರೆ ಅಕ್ಕನ ಕೆಲಸವೂ ಮುಚ್ಚಿದಂತೆ. ಐವತ್ತೆಂಟರ ಹೆಂಗಸು ಐದು ವರ್ಷ ಎಲ್ಲಿಗೆ ಹೋಗಿ ಯಾರನ್ನು ಕಾಯಬೇಕು? ಆದರೆ ಅವಳ ಸಂಕಟ ಕೆಲಸಕ್ಕಿಂತ ಹೂವಿನದ್ದು. ರಾತ್ರಿ ಊಟಕ್ಕೆ ಕೂತಾಗಲೂ "ಇವತ್ತು ಬಂಡೆ ಪಕ್ಕದ್ದು ಎರಡು ಹೋಯ್ತು" ಎಂದು ತಟ್ಟೆ ನೋಡುತ್ತ ಕೂತುಬಿಡುತ್ತಿದ್ದಳು.

"ಯಾವನೋ ಬುದ್ಧಿವಂತ" ಎನ್ನುತ್ತಿದ್ದಳು. "ನೀಲಿ ಗಿಡ ಬೇರುಸಮೇತ ಎತ್ತುತ್ತಾನೆ, ಗುಂಡಿ ಕಾಣಬಾರ್ದು ಅಂತ ಹಳದಿ ನೆಟ್ಟು ಹೋಗ್ತಾನೆ."

"ಕಳ್ಳ ಕದ್ದಿದ್ದೂ ಅಲ್ದೆ ತೋಟಗಾರಿಕೆನೂ ಮಾಡ್ತಾನಾ ಅಕ್ಕ?"

"ನಗು, ನಗು. ಸಿಗ್ಲಿ ಅವನು."

ಆ ಬೇಸಿಗೆಯ ಒಂದು ಶನಿವಾರ ಸಂಜೆ ಅವಳು ಅಂಗಡಿಗೆ ಇಳಿದು ಬಂದು, ನಾನು ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ನಾಳೆ ನನ್ನ ಜೊತೆ ಬೆಟ್ಟಕ್ಕೆ ಬಾ" ಎಂದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಕರೆದವಳಲ್ಲ. ಅವಳ ಜೊತೆ ಇದ್ದೂ ಇದ್ದೂ ನನಗೂ ಅನುಮಾನದ ರೋಗ ಹತ್ತಿದೆ. ನನ್ನ ಮೇಲೇ ಏನಾದರೂ ಇದೆಯೇ ಎಂದು ಮುಖ ನೋಡಿದೆ.

"ಮಣ್ಣಿನಲ್ಲಿ ಹೆಜ್ಜೆ ಗುರುತಿದೆ ಕಣೋ" ಎಂದಳು. "ಮೂವತ್ತು ವರ್ಷದಿಂದ ಊರಿನವರ ಬೂಟಿನ ಅಟ್ಟೆ ನೋಡಿದೀಯ. ನೋಡಿ ಹೇಳು, ಅದು ಎಂಥ ಬೂಟು, ಎಂಥ ಕಾಲು ಅಂತ. ಉಳಿದದ್ದು ನನಗೆ ಬಿಡು."

ನನಗೆ ಒಳಗೊಳಗೇ ಖುಷಿಯಾಯಿತು. ಬೂಟು ಹೊಲಿಯುವವನನ್ನು ಸಾಕ್ಷಿಗೆ ಕರೆಯುವವರು ಯಾರು?

ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಹೊರಟೆವು. ಬಸ್ಸಿಗೆ ಅದೇ ಹತ್ತಿರದ ದಾರಿ. ನಾನು ಚರ್ಮದ ಚೂರು ಸುರಿಯುವ ಮೂಲೆ ದಾಟಿ, ಕಾಡುಗಿಡಗಳ ನಡುವೆ ಕಾಲುದಾರಿಯಲ್ಲಿ ಗಲ್ಲಿಗೆ ಬರಬೇಕು. ಅಲ್ಲಿ ಬಟ್ಟೆಗೆ ಏನೇನೋ ಬೀಜ ಅಂಟಿಕೊಳ್ಳುತ್ತದೆ, ಆ ಗಿಡ ಕಿತ್ತುಹಾಕಿ ಎಂದು ನನ್ನ ಹೆಂಡತಿ ವರ್ಷಗಳಿಂದ ಹೇಳುತ್ತಿದ್ದಾಳೆ. ನಾನು ವರ್ಷಗಳಿಂದ ಹೂಂ ಅನ್ನುತ್ತಿದ್ದೇನೆ. ಅಕ್ಕ ಮುಂದೆ ಮುಂದೆ ಬೆಕ್ಕಿನಂತೆ ಸದ್ದಿಲ್ಲದೆ ನಡೆಯುತ್ತಿದ್ದಳು. ಆ ನಡಿಗೆ ನನ್ನದೇ ಕೈಕೆಲಸ. ಹಿಂದೊಮ್ಮೆ ಬಂದು, "ನನ್ನ ಬೂಟು ಸದ್ದು ಮಾಡುತ್ತೆ, ಅಷ್ಟರಲ್ಲಿ ಹೂ ಕಿತ್ತವರು ಕೈ ಹಿಂದೆ ಇಟ್ಕೋತಾರೆ" ಎಂದಿದ್ದಳು. ನಾನು ಅಟ್ಟೆಯ ಕೆಳಗೆ ಹಳೇ ಕಂಬಳಿಯ ಎರಡು ಪದರ ಅಂಟಿಸಿ ಹೊಲಿದು ಕೊಟ್ಟಿದ್ದೆ. ಸವೆದಾಗಲೆಲ್ಲ ಹೊಸ ಪದರ ಹಾಕಿಕೊಡುತ್ತೇನೆ. ಎಡಗಾಲಿನ ಹೊರಅಂಚಿಗೆ ಒಂದು ಪದರ ಹೆಚ್ಚು, ಏಕೆಂದರೆ ಲಗೇಜು ಕಚೇರಿಯ ಏಣಿಯಿಂದ ಬಿದ್ದ ಮೇಲೆ ಅವಳು ಆ ಕಾಲನ್ನು ಹೊರಗಡೆ ಒತ್ತಿ ನಡೆಯುತ್ತಾಳೆ.

ಗೇಟಿನ ಹತ್ತಿರ ಎಂಟು ಜನ ಕಾದಿದ್ದರು. ಐವರು ಒಂದೇ ಶಾಲೆಯ ಟೀಚರುಗಳು, ಒಬ್ಬರಿಗೊಬ್ಬರು ಫೋಟೋ ತೆಗೆಯುವ ಹೊಸ ಗಂಡಹೆಂಡತಿ, ಮತ್ತೆ ಒಬ್ಬಂಟಿಯಾಗಿ ಬಂದ ಎತ್ತರದ ಮನುಷ್ಯ. ಎಲ್ಲರೂ ಗೇಟಿನ ಬ್ರಷ್ಷಿನಲ್ಲಿ ಬೂಟಿನ ತಳ ತಿಕ್ಕಿಕೊಳ್ಳಬೇಕೆಂಬುದು ಕಚೇರಿಯ ನಿಯಮ. ಯಾಕೆಂದು ಕಚೇರಿಯವರು ಹೇಳಿರಲಿಲ್ಲ. ಹೆಜ್ಜೆ ಗುರುತು ಚೊಕ್ಕಟವಾಗಿ ಮೂಡಲಿ ಎಂದಿರಬೇಕು ಎಂದು ಅಕ್ಕ ಅರ್ಥಮಾಡಿಕೊಂಡಿದ್ದಳು. ಅವಳೂ ತಿಕ್ಕಿಕೊಂಡಳು.

ಆಮೇಲೆ ತೂಕ. ಎತ್ತರದವನ ಚೀಲ ಕೊಕ್ಕೆಗೆ ಹಾಕಿದ್ದೇ ಮುಳ್ಳು ಹನ್ನೊಂದು ಕಿಲೋಗೆ ಹೋಗಿ ನಿಂತಿತು. ಅಕ್ಕನ ಹುಬ್ಬು ಮೇಲೇರಿತು.

"ಏನಿದೆ ಸಾರ್ ಇದ್ರಲ್ಲಿ?"

"ಇಟ್ಟಿಗೆ" ಎಂದ ಆತ.

ಬಿಚ್ಚಿ ನೋಡಿದರೆ ನಿಜವಾಗಿಯೂ ನಾಲ್ಕು ಇಟ್ಟಿಗೆ, ಪೇಪರಿನಲ್ಲಿ ಸುತ್ತಿಟ್ಟಿದ್ದ. ಮುಂದಿನ ತಿಂಗಳು ದೊಡ್ಡ ಪರ್ವತ ಹತ್ತಲು ಹೋಗುತ್ತಾನಂತೆ, ಭಾರ ಹೊರುವ ಅಭ್ಯಾಸವಂತೆ. ಟೀಚರುಗಳು ಮುಸಿಮುಸಿ ನಕ್ಕರು. ಅಕ್ಕ ನಗಲಿಲ್ಲ. ನಾಲ್ಕೂ ಇಟ್ಟಿಗೆಗೆ ಪಾರ್ಸೆಲ್ಲಿಗೆ ಹಾಕುವಂತೆ ಸೀಮೆಸುಣ್ಣದ ಗುರುತು ಹಾಕಿ ವಾಪಸ್ ಕೊಟ್ಟಳು. ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದಳು.

"ಇಟ್ಟಿಗೆ ಮೇಲೆ ಎಸೆದು, ಅಷ್ಟೇ ತೂಕದ ಗಿಡ ತುಂಬ್ಕೊಂಡು ಇಳಿದ್ರೆ ಮುಳ್ಳು ಅಲ್ಲಾಡುತ್ತಾ? ಎಂಥ ತಲೆ ನೋಡು!"

ನಾನು ನನ್ನ ಚೀಲವನ್ನು ಮುಂದೆ ಹಿಡಿದೆ. "ನಡಿ, ನಿಂದೇನು" ಎಂದು ಅವಳು ಗೇಟು ತೆರೆದಳು.

ಒಂದೂವರೆ ಗಂಟೆ ಏರು ದಾರಿ. ನನ್ನ ಮೊಣಕಾಲು ಅಂಗಡಿಯ ಕುಳ್ಳ ಮಣೆಗೆ ಒಗ್ಗಿದ್ದು. ಅರ್ಧ ದಾರಿಯಲ್ಲೇ ಗೋಳಾಡಲು ಶುರುಮಾಡಿತು. ಆದರೆ ಕೊನೆಯ ತಿರುವು ದಾಟಿದ ಮೇಲೆ ನಾನು ಮೊಣಕಾಲನ್ನು ಮರೆತೆ. ಬೆಟ್ಟದ ಹೆಗಲ ಮೇಲೆ ಕಣ್ಣು ಹಾಯುವವರೆಗೆ ಹೂ. ಬಿಳಿ, ನಸುಗೆಂಪು, ನೇರಳೆ, ಮೊಣಕಾಲೆತ್ತರದ ಹುಲ್ಲಿನ ನಡುವೆ ಗಾಳಿಗೆ ಒಟ್ಟಿಗೆ ಬಾಗುತ್ತಿದ್ದವು. ಜೇನುಹುಳಗಳ ಗುಂಯ್‌ಗುಡುವಿಕೆಗೆ ಮಾತು ಸ್ವಲ್ಪ ಜೋರಾಗಿ ಆಡಬೇಕಿತ್ತು. ಇಂಥದ್ದನ್ನು ದಿನಾ ನೋಡಿಯೂ ಅಕ್ಕ ಸಂಜೆ ಮುಖ ಗಂಟಿಕ್ಕಿಕೊಂಡು ಬರುತ್ತಾಳಲ್ಲ ಎಂದು ಆಶ್ಚರ್ಯವಾಯಿತು. ಅವಳ ಕಡೆ ನೋಡಿದೆ. ಅವಳು ಹೂ ನೋಡುತ್ತಿರಲಿಲ್ಲ. ಎತ್ತರದವನ ಕೈ ನೋಡುತ್ತಿದ್ದಳು.

ತಂಡ ಫೋಟೋ ತೆಗೆಯಲು ಚದುರಿತು. ಅಕ್ಕ ಒಂದು ದೊಡ್ಡ ಬಂಡೆಯ ಹಿಂದೆ ಸರಿದು ನಿಂತಳು, ಅಲ್ಲಿಂದ ಬಾಗಿದ ಮರದ ಬುಡಕ್ಕೆ, ಅಲ್ಲಿಂದ ತೊರೆಯ ತಿರುವಿಗೆ. ಮೂರೂ ಅವಳು ಹೊಂಚು ಹಾಕುವ ಜಾಗಗಳು. ಅಲ್ಲಿ ನಿಂತರೆ ಎಲ್ಲರೂ ಕಾಣುತ್ತಾರೆ, ಅವಳು ಯಾರಿಗೂ ಕಾಣುವುದಿಲ್ಲ. ನೀಲಿ ಗಂಟೆಹೂ ಹೆಚ್ಚಾಗಿ ಇದ್ದದ್ದೂ ಅದರ ಸುತ್ತಮುತ್ತಲಿನ ಒದ್ದೆ ನೆಲದಲ್ಲಿ. ಈಗ ಅಲ್ಲಲ್ಲಿ ಒಂದೆರಡು ಗಿಡ ಉಳಿದಿತ್ತು, ಸುತ್ತ ಹಳದಿ ಗುಂಡಿಹೂಗಳು.

"ಇಲ್ಲಿ ನೋಡು" ಎಂದಳು ತೊರೆಯ ಬಳಿ.

ಬಗ್ಗಿ ನೋಡಿದೆ. ಕೆಸರಿನಲ್ಲಿ ಹೆಜ್ಜೆಗಳಿದ್ದವು. ಗೀರಿಲ್ಲ, ಗೆರೆಯಿಲ್ಲ, ಕಂಪನಿಯ ಗುರುತಿಲ್ಲ. ನುಣ್ಣನೆಯ ತಗ್ಗು ಅಷ್ಟೇ.

"ಕಾಲಿಗೆ ಬಟ್ಟೆ ಕಟ್ಕೊಂಡು ಬರ್ತಾನೆ, ಗುರುತು ಬೀಳಬಾರ್ದು ಅಂತ" ಎಂದಳು ಅಕ್ಕ. "ಬಂಡೆ ಹಿಂದೆನೂ ಇದೇ, ಮರದ ಹತ್ರನೂ ಇದೇ. ಗೊತ್ತಾಯ್ತಾ? ನಾನು ಎಲ್ಲಿ ನಿಂತ್ಕೋತೀನೋ ಅಲ್ಲೇ ಬಂದು ನಿಂತ್ಕೋತಾನೆ. ನನ್ನನ್ನೇ ನೋಡ್ತಿರ್ತಾನೆ ಕಣೋ!"

ಎಡಗಾಲಿನ ಹೆಜ್ಜೆಯಲ್ಲಿ ಹೊರಅಂಚು ಒಳಅಂಚಿಗಿಂತ ಒಂದು ಬೆರಳು ಆಳ. ನಾನು ಹೊಲಿದ ಅಂಚು ಅದು. ಬೇರೆ ಯಾರ ಕೈಕೆಲಸವನ್ನು ಮರೆತರೂ ನನ್ನದನ್ನು ಮರೆಯಲಾರೆ. ಅಕ್ಕ ವಾರಗಟ್ಟಲೆ ತನ್ನ ಹೆಜ್ಜೆಯ ಹಿಂದೆಯೇ ತಾನು ಬಿದ್ದಿದ್ದಳು.

"ಏನು ಬೂಟು?" ಎಂದಳು.

"ನೋಡ್ತೀನಿ ಇರು. ಒಣಗಿದ ಮಣ್ಣಲ್ಲಿ ಚೆನ್ನಾಗಿ ಕಾಣುತ್ತೆ" ಎಂದು ಬಾಯಿಗೆ ಬಂದದ್ದು ಹೇಳಿ ಎದ್ದೆ.

ಹೆಜ್ಜೆ ಅಕ್ಕನದ್ದಾದ ಮಾತ್ರಕ್ಕೆ ನೀಲಿ ಗಿಡ ಹೋದದ್ದು ಯಾಕೆ? ಅದು ನನಗೆ ಗೊತ್ತಾಗಲಿಲ್ಲ. ಬಂಡೆಗೆ ಹೋದೆ, ಮರಕ್ಕೆ ಹೋದೆ. ಒಂದು ವಿಷಯ ಕಣ್ಣಿಗೆ ಬಿತ್ತು. ಜನ ನಡೆಯುವ ದಾರಿಯ ಪಕ್ಕ ಹಳದಿ ಹೂ ಒಂದೂ ಇಲ್ಲ. ದಾರಿಯಿಂದ ಬಂಡೆಗೆ, ಬಂಡೆಯಿಂದ ಮರಕ್ಕೆ, ಮರದಿಂದ ತೊರೆಗೆ, ಅಕ್ಕ ಸದ್ದಿಲ್ಲದೆ ಸರಿಯುವ ಜಾಡಿನ ಮೇಲೆ ಮಾತ್ರ ಅದು ಸಾಲು ಹಿಡಿದು ಬೆಳೆದಿದೆ. ಮತ್ತೆ ಆ ಗಿಡವನ್ನು ನಾನು ಬೆಳಿಗ್ಗೆಯೇ ಎಲ್ಲೋ ನೋಡಿದ್ದೆ.

ಮಧ್ಯಾಹ್ನ ಎಲ್ಲರೂ ಮರದ ನೆರಳಿನಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿದರು. ಅಕ್ಕ ಬೂಟು ಕಳಚಿಟ್ಟು ತೊರೆಗೆ ಕಾಲು ಇಳಿಬಿಟ್ಟು ಕೂತಳು, ಕಣ್ಣು ಮಾತ್ರ ಇಟ್ಟಿಗೆಯವನ ಮೇಲೆ. ನಾನು ಅವಳ ಬೂಟು ಎತ್ತಿಕೊಂಡು ಬಂಡೆಯ ಮರೆಗೆ ಹೋದೆ. ಜೇಬಿನಲ್ಲಿ ದಬ್ಬಳ ಯಾವಾಗಲೂ ಇರುತ್ತದೆ. ಕಂಬಳಿಯ ಪದರಕ್ಕೆ ಚುಚ್ಚಿ ಎಬ್ಬಿಸಿದೆ. ಒಳಗೆ ಬೀಜಗಳು, ಒಂದಲ್ಲ ಎರಡಲ್ಲ, ಎಳ್ಳಿಗಿಂತ ಸಣ್ಣವು, ತುದಿಯಲ್ಲಿ ಕೊಕ್ಕೆ. ಪಕ್ಕದ ಹಳದಿ ಹೂವೊಂದನ್ನು ಅಂಗೈಯಲ್ಲಿ ಉಜ್ಜಿದೆ. ಅದೇ ಬೀಜ, ಅದೇ ಕೊಕ್ಕೆ. ನಮ್ಮ ಹಿತ್ತಲಿನದ್ದು. ರಬ್ಬರಿನ ಅಟ್ಟೆಯವರು ಬ್ರಷ್ಷಿನಲ್ಲಿ ತಿಕ್ಕಿದರೆ ಬಿದ್ದುಹೋಗುತ್ತದೆ. ಕಂಬಳಿಯಲ್ಲಿ ತಿಕ್ಕಿದಷ್ಟೂ ಒಳಕ್ಕೆ ಹೋಗುತ್ತದೆ. ಮೂರು ಬೇಸಿಗೆ ನಮ್ಮ ಹಿತ್ತಲನ್ನು ಅಕ್ಕ ತನ್ನ ಕಾಲಿನಲ್ಲಿ ಹೊತ್ತು ತಂದು, ತಾನು ಪ್ರಾಣಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದ ಹೂವಿನ ಬುಡಕ್ಕೇ ಬಿತ್ತಿದ್ದಳು. ಹಳದಿ ಹಬ್ಬಿದಲ್ಲೆಲ್ಲ ನೀಲಿ ಉಸಿರುಕಟ್ಟಿ ಸತ್ತಿತ್ತು. ಕಾಯದೆ ಸುಮ್ಮನೆ ದಾರಿಯಲ್ಲಿ ನಡೆದಿದ್ದರೆ ಏನೂ ಆಗುತ್ತಿರಲಿಲ್ಲ.

ನನಗೆ ಅಳು ಬಂತು, ನಿಜ ಹೇಳುತ್ತೇನೆ. ಆ ಬೂಟು ಹೊಲಿದವನು ನಾನು. ಹಿತ್ತಲ ಗಿಡ ಕೀಳದೆ ಬಿಟ್ಟವನೂ ನಾನು. ಈ ಮಾತನ್ನು ಅವಳಿಗೆ ಯಾವ ಬಾಯಿಂದ ಹೇಳುವುದು? ಹೇಳುವುದೇ ಬೇಡ ಎಂದು ತೀರ್ಮಾನಿಸಿದೆ. ಇವತ್ತಿಗೆ ಕೈಗೆ ಸಿಕ್ಕಷ್ಟು ಹಳದಿ ಕಿತ್ತು ಒಯ್ಯುವುದು, ರಾತ್ರಿಯೇ ಹಿತ್ತಲು ಸವರುವುದು, ಕಂಬಳಿ ಸವೆದಿದೆ ಎಂದು ಸುಳ್ಳು ಹೇಳಿ ಅಟ್ಟೆಗೆ ರಬ್ಬರು ಹಾಕುವುದು. ಮುಂದಿನ ಬೇಸಿಗೆಗೆ ನೀಲಿ ತಾನಾಗಿ ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ಮೊಣಕಾಲು ನೋವು ಎಂದು ಹಿಂದೆ ಉಳಿದೆ. ಬಂಡೆಯ ಹಿಂದಿನ ಹಳದಿಯನ್ನು ಬೇರುಸಮೇತ ಕಿತ್ತು ಚೀಲಕ್ಕೆ ಒತ್ತಿ ತುಂಬಿದೆ. ಕಳ್ಳತನ ಮಾಡುವವನಿಗೆ ಹೇಗನಿಸುತ್ತದೆಂದು ಆಗ ತಿಳಿಯಿತು. ಒಂದು ಜೇನುಹುಳ ಕಿವಿಯ ಪಕ್ಕ ಹಾದರೂ ಅಕ್ಕ ಬಂದಳೇನೋ ಎಂದು ಬೆಚ್ಚಿದೆ. ಅವಳ ಬೂಟು ಸದ್ದು ಮಾಡುವುದಿಲ್ಲವಲ್ಲ.

ಗೇಟಿನಲ್ಲಿ ಮತ್ತೆ ತೂಕ. ಟೀಚರುಗಳದ್ದು ಹಗುರಾಗಿತ್ತು. ಗಂಡಹೆಂಡತಿಯದ್ದೂ ಹಗುರಾಗಿತ್ತು. ಎತ್ತರದವನ ಸರದಿ ಬಂದಾಗ ಅಕ್ಕ ಕೈ ಒರೆಸಿಕೊಂಡಳು. ಮುಳ್ಳು ಹತ್ತೂವರೆಗೆ ನಿಂತಿತು. ಆದರೂ ಬಿಚ್ಚಿಸಿದಳು. ನಾಲ್ಕು ಇಟ್ಟಿಗೆ, ನಾಲ್ಕರ ಮೇಲೂ ಅವಳದೇ ಸೀಮೆಸುಣ್ಣ. ಅಕ್ಕನ ಮುಖ ಸಪ್ಪಗಾಯಿತು.

ಆತ ಇಟ್ಟಿಗೆಗಳನ್ನು ನಿಧಾನವಾಗಿ ಪೇಪರಿನಲ್ಲಿ ಸುತ್ತುತ್ತ, "ಎಲ್ಲರದ್ದೂ ಆಯ್ತು. ನಿಮ್ಮ ತಮ್ಮ ಅವರದ್ದು?" ಎಂದ. "ಬೆಳಿಗ್ಗೆನೂ ತೂಗ್ಲಿಲ್ಲ. ನಾನು ನೋಡ್ತಿದ್ದೆ."

ಅನುಮಾನ ಅಕ್ಕನೊಬ್ಬಳ ಆಸ್ತಿಯಲ್ಲ ಎಂಬುದು ನನಗೆ ಮರೆತೇಹೋಗಿತ್ತು.

"ಅವನು ಅಂಥವನಲ್ಲ" ಎಂದಳು ಅಕ್ಕ.

"ಇರಬಹುದು. ನಿಯಮ ಎಲ್ಲರಿಗೂ ಒಂದೇ ಅಲ್ವಾ ಮೇಡಂ?"

ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. "ಕೊಡೋ ಚೀಲ. ನೋಡ್ಲಿ ಅವರೂ" ಎಂದು ನನ್ನ ಹೆಗಲಿನಿಂದ ತಾನೇ ತೆಗೆದಳು. ತೆಗೆದ ಕೂಡಲೇ ಅವಳ ಕೈಗೆ ಗೊತ್ತಾಗಿರಬೇಕು. ಹತ್ತೊಂಬತ್ತು ವರ್ಷ ಭಾರ ಎತ್ತಿದ ಕೈ. ಆದರೂ ಕೊಕ್ಕೆಗೆ ಹಾಕಿದಳು. ಬ್ರೆಡ್ಡಿನ ಖಾಲಿ ಡಬ್ಬಿ ಮಾತ್ರ ಇರಬೇಕಾದ ಚೀಲ ಐದು ಕಿಲೋ ತೂಗಿತು. ಹೊಲಿಗೆಯ ಸಂದಿನಿಂದ ಮಣ್ಣು ಉದುರಿತು.

ಬಿಚ್ಚಿದಳು. ಬಾಡಿದ ಹಳದಿ ಹೂ, ಬೇರು, ಮಣ್ಣು. ಟೀಚರೊಬ್ಬರು "ಅಯ್ಯೋ" ಎಂದರು.

"ಯಾಕೋ?" ಎಂದಳು ಅಕ್ಕ. ಬೈಗುಳವಲ್ಲ ಅದು. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಅಷ್ಟು ಜನರೆದುರು ಕದ್ದೆ ಎಂದು ಒಪ್ಪಿಕೊಂಡುಬಿಡಲೇ ಎಂದು ಯೋಚಿಸಿದೆ. ಆದರೆ ನನ್ನ ಕಣ್ಣು ನನ್ನ ಮಾತು ಕೇಳಲಿಲ್ಲ. ಅವಳ ಬೂಟಿನ ಕಡೆ ಹೋಯಿತು. ಅವಳು ನನ್ನ ಕಣ್ಣು ಹೋದ ಕಡೆ ನೋಡಿದಳು. ಆಮೇಲೆ ಗೇಟಿನ ಹಲಗೆಯ ಮೇಲೆ ಕೂತು ಬೂಟು ಕಳಚಿದಳು. ನಾನು ದಬ್ಬಳದಿಂದ ಎಬ್ಬಿಸಿದ್ದ ಕಂಬಳಿಯ ತುದಿ ಹಾಗೇ ಇತ್ತು. ಅದನ್ನು ಎಳೆದು, ಒಂದು ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ನನ್ನ ಚೀಲದ ಗಿಡದಿಂದ ಇನ್ನೊಂದು ಬೀಜ ತೆಗೆದು ಅದರ ಪಕ್ಕ ಇಟ್ಟಳು. ಬಹಳ ಹೊತ್ತು ನೋಡಿದಳು.

"ಕಳ್ಳ ಸಿಕ್ಕಿದ್ದಾನೆ, ನೀವೆಲ್ಲ ಹೊರಡಿ" ಎಂದಳು ಕೊನೆಗೆ. ಎತ್ತರದವನಿಗೆ, "ನಿಮ್ಮನ್ನ ಸುಮ್ನೆ ಗೋಳುಹೊಯ್ಕೊಂಡೆ ಸಾರ್, ಮನಸ್ಸಲ್ಲಿ ಇಟ್ಕೋಬೇಡಿ" ಎಂದಳು. ಅವಳು ಯಾರಿಗಾದರೂ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು.

"ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ. ಊಟದ ಹೊತ್ತಿಗೆ."

"ಸಂಜೆ ತನಕ ಸುಮ್ನಿದ್ದೆ."

"ನಿನಗೆ ನೋವಾಗುತ್ತೆ ಅಂತ ಅಕ್ಕ..."

"ಗಿಡ ಹೋಗಿದ್ದು ನನ್ನ ತಪ್ಪು. ಅದನ್ನ ತಿದ್ಕೋತೀನಿ, ಕಿತ್ತು ಹಾಕ್ತೀನಿ" ಎಂದಳು. "ಬೆಳಿಗ್ಗೆ ಎಂಟು ಚೀಲ ತೂಗಿದೆ. ನಿಂದೊಂದೇ ಬಿಟ್ಟೆ." ಆಮೇಲೆ ನನ್ನ ಕಡೆ ನೋಡದೆ ಕೇಳಿದಳು. "ಸಕ್ಕರೆನೂ ನೀನೇ ಅಲ್ವಾ?"

ನಾನು ಹೂಂ ಎಂದೆ. ಸುಳ್ಳು ಹೇಳಬಹುದಿತ್ತು. ಆಗಲಿಲ್ಲ.

ಮರುದಿನ ಅಕ್ಕ ಆ ಬೂಟನ್ನು ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು, ಮೇಲೆ "ಒಳಗಿರುವುದು: ನೀಲಿ ಹೂವಿನ ಕಳ್ಳ" ಎಂದು ಬರೆದು ಕಚೇರಿಯ ಮೇಜಿನ ಮೇಲಿಟ್ಟಳು. ಸಾಹೇಬರು ಮೊದಲು ನಕ್ಕರಂತೆ, ಅವಳ ಮುಖ ನೋಡಿ ನಿಲ್ಲಿಸಿದರಂತೆ. ಕಾರಣ ಗೊತ್ತಾದ ಮೇಲೆ ಗಾವಲು ಮುಚ್ಚಲಿಲ್ಲ. ಹಳದಿ ಕೀಳುವ ಕೆಲಸ ಅಕ್ಕನ ತಲೆಗೇ ಬಂತು. ಅವಳೇ ಕೇಳಿ ಪಡೆದಳು. ಹೊಸ ಬೂಟಿಗೆ ಕಬ್ಬಿಣದ ಮೊಳೆ ಹೊಡೆಸಿಕೊಂಡಿದ್ದಾಳೆ. ಈಗ ಅವಳು ಬರುವುದು ಅರ್ಧ ಮೈಲಿ ಆಚೆಗೇ ಕೇಳಿಸುತ್ತದೆ, ಹೂ ಕೀಳಲು ಹೊರಟವರು ಹಾಯಾಗಿ ಕೈ ಹಿಂದೆ ಇಟ್ಟುಕೊಳ್ಳಬಹುದು. ಈ ಬೇಸಿಗೆ ಬಂಡೆಯ ಹಿಂದೆ ಏಳು ನೀಲಿ ಗಿಡ ತಲೆಯೆತ್ತಿವೆ.

ಭಾನುವಾರಗಳಂದು ನಾನೂ ಹೋಗಿ ಹಳದಿ ಕೀಳುತ್ತೇನೆ. ಅಕ್ಕ ನನ್ನೊಂದಿಗೆ ಮಾತು ಬಿಟ್ಟಿಲ್ಲ, ತಟ್ಟೆಗೆ ಬಡಿಸುವುದನ್ನೂ ಬಿಟ್ಟಿಲ್ಲ, ಮೊಣಕಾಲಿಗೆ ಹಚ್ಚಲು ಎಣ್ಣೆ ಬಿಸಿಮಾಡಿ ಕೊಡುತ್ತಾಳೆ. ಆದರೆ ಬೆಳಿಗ್ಗೆ ಗೇಟಿನಲ್ಲಿ ಉಳಿದವರೆಲ್ಲರಿಗಿಂತ ಮೊದಲು ನನ್ನ ಕಡೆ ಕೈ ಚಾಚುತ್ತಾಳೆ. ಈಗೀಗ ನಾನು ಅವಳು ಕೈ ಚಾಚುವವರೆಗೂ ಕಾಯುವುದಿಲ್ಲ. ನಾನೇ ಹೋಗಿ ಚೀಲವನ್ನು ಕೊಕ್ಕೆಗೆ ಹಾಕಿ, ಅವಳು ಮುಳ್ಳು ನೋಡಿ ಬರೆದುಕೊಳ್ಳುವವರೆಗೆ ಪಕ್ಕದಲ್ಲಿ ನಿಂತಿರುತ್ತೇನೆ.